ಮಸೀದಿ ಇಳಿಜಾರಿನ ಕಳವು

ಕೊಂಬೆ ಕಡಿದ ಜಾಗಕ್ಕೆ ಕೆಸರು ಮೆತ್ತಿದ್ದರು. ಅದನ್ನು ಕಂಡಾಗಲೇ ಕಾವಲುಗಾರ ಮೀಮೂನನಿಗೆ ಮೈಯೆಲ್ಲ ಉರಿದದ್ದು. ಕಡಿದಿದ್ದಕ್ಕಲ್ಲ, ಕಡಿದ ಮೇಲೆ ಬಿಳಿಯ ತಿರುಳು ದೂರಕ್ಕೆ ಕಾಣಬಾರದೆಂದು ಒದ್ದೆ ಮಣ್ಣು ತೆಗೆದು, ಸಾವಧಾನವಾಗಿ ಒರೆಸಿ ಹೋಗಿದ್ದಕ್ಕೆ. ಹೊಟ್ಟೆಗಿಲ್ಲದವನು ಕದಿಯುವುದು ಬೇರೆ. ಇದು ತನ್ನ ಕಣ್ಣಿಗೇ ಮೆತ್ತಿದ ಮಣ್ಣು ಎನ್ನಿಸಿತು ಅವನಿಗೆ.

ಉಗುರಿನಿಂದ ಕೆರೆದು ನೋಡಿದ. ಕಡಿತ ಹಸಿಯಾಗಿಯೇ ಇತ್ತು. ಪಕ್ಕದ ಓಕ್ ಮರದಲ್ಲಿ ಏನೂ ಇರಲಿಲ್ಲ, ಅದರಾಚೆಯದರಲ್ಲಿ ಹಳೆಯದೊಂದು ಗುರುತಿತ್ತು. ತೊಗಟೆ ತುಟಿ ಮಡಚಿದಂತೆ ಸುತ್ತಲಿಂದ ಬಂದು ಗಾಯವನ್ನು ಅರ್ಧ ಮುಚ್ಚಿತ್ತು. ಇನ್ನಷ್ಟು ಒಳಗೆ ಹೋದಂತೆ ಪೂರ್ತಿ ಮುಚ್ಚಿ ಗಂಟಾದವೂ ಸಿಕ್ಕವು. ಅಂದರೆ ಇದು ಈ ಚಳಿಗಾಲದ ಕಳವಲ್ಲ. ವರ್ಷಗಟ್ಟಲೆಯಿಂದ ಯಾರೋ ಬಂದು, ಮರಕ್ಕೊಂದೇ ಕೊಂಬೆಯಂತೆ ಇಳಿಸಿಕೊಂಡು, ಮಣ್ಣು ಒರೆಸಿ ಹೋಗುತ್ತಿದ್ದಾರೆ. ತಾನು ಗುಡ್ಡದ ನೆತ್ತಿಯ ಮೇಲೆ ಕಂಬಳಿ ಹೊದ್ದು ಕುಳಿತು, ಯಾರ ಮಂದೆ ಗಡಿ ದಾಟುತ್ತದೆಂದು ಕಾಯುತ್ತಿದ್ದೇನೆ.

ತಗಾಂತ್ ಊರಿನ ಮೇಲಿನ ಈ ಗುಡ್ಡದ ಮೈಗೆ ಮಸೀದಿ ಇಳಿಜಾರು ಎಂದೇ ಹೆಸರು. ಮೀಮೂನನ ಅಪ್ಪನ ಕಾಲದಲ್ಲಿ ಮಸೀದಿಯ ಮಾಡಿಗೆ ತೊಲೆ ಬೇಕಾಗಿ ಇಲ್ಲಿದ್ದ ದೇವದಾರುಗಳನ್ನೆಲ್ಲ ಉರುಳಿಸಿದ್ದರು. ಉಳಿದವು ಚಳಿಗಾಲದಲ್ಲೂ ಎಲೆ ಉದುರಿಸದ ಗಿಡ್ಡ ಓಕ್ ಮರಗಳು. ಆಮೇಲೆ ಊರಿನ ಜಮಾತು ಕೂತು, ದೇವದಾರು ತಿರುಗಿ ಬರುವ ತನಕ ಇಳಿಜಾರು ಅಗ್ದಾಲ್ ಎಂದು ಸಾರಿತು. ಕಟ್ಟು ಹಾಕಿದ ಕಾಡು, ಯಾರೂ ಕೊಡಲಿ ತರುವ ಹಾಗಿಲ್ಲ. ಊರಿಗೆ ಬೇರೆ ಅಗ್ದಾಲುಗಳೂ ಇವೆ. ದೊಡ್ಡ ಹಿಮ ಬಿದ್ದಾಗ ಅವನ್ನು ಕೆಲವು ದಿನ ತೆರೆಯುತ್ತಾರೆ, ಒಲೆಗೊಂದು, ಅಂದರೆ ಮನೆಗೊಂದು ಹೊರೆಯಂತೆ ಎಲೆ ಕಡಿದು ಎಲ್ಲರೂ ತಮ್ಮ ಆಡುಗಳನ್ನು ಉಳಿಸಿಕೊಳ್ಳುತ್ತಾರೆ. ಮಸೀದಿ ಇಳಿಜಾರನ್ನು ಮಾತ್ರ ಯಾವ ಹಿಮಕ್ಕೂ ತೆರೆದದ್ದಿಲ್ಲ. ಅಪ್ಪ ಸಾಯುವವರೆಗೆ ಕಾದ. ಅವನ ನಂತರ ಮೀಮೂನ್.

ದೇವದಾರು ಬಾರದೆ ಇರಲಿಲ್ಲ. ನೆತ್ತಿಯ ಮೇಲೆ ಉಳಿದ ಮುದಿ ಮರಗಳಿಂದ ಬೀಜ ಹಾರಿ ಬಂದು ಓಕಿನ ನೆರಳಲ್ಲಿ ಮೊಳೆತವು, ಮೊಣಕಾಲುದ್ದ ಎದ್ದವು, ಅಲ್ಲಿಗೆ ನಿಂತವು. ಮೀಮೂನ್ ಹುಡುಗನಾಗಿದ್ದಾಗಲೂ ಮೊಣಕಾಲುದ್ದ, ಅವನ ಗಡ್ಡ ನರೆತಾಗಲೂ ಮೊಣಕಾಲುದ್ದ. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಮಂದೆಯಿದ್ದ ಜಾಯಿದ್ ಕಳೆದ ಜಮಾತಿನಲ್ಲಿ ಎದ್ದು ನಿಂತು ಅದನ್ನೇ ಹೇಳಿದ್ದ. "ಮೀಮೂನನ ಮೊಣಕಾಲು ಬಗ್ಗಿತು, ಗಿಡದ್ದು ಇನ್ನೂ ನೆಟ್ಟಗಾಗ್ಲಿಲ್ಲ. ಓಕನ್ನೆಲ್ಲ ಕಡಿದು ಆಡು ಬಿಡೋಣ. ದೇವರಿಗೆ ತೊಲೆ ಬೇಕಿದ್ರೆ ಕೊಡ್ತಿದ್ದ." ಜನ ನಕ್ಕರು. ನಗುವಿನ ಹಿಂದೆಯೇ ತೀರ್ಮಾನವೂ ಆಯಿತು. ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರೂ ಇಳಿಜಾರು ಹತ್ತಿ ನೋಡುವುದು. ಎದ್ದು ಬರುವ ದೇವದಾರು ಕಂಡರೆ ಸರಿ, ಕಾಣದಿದ್ದರೆ ಕಟ್ಟು ತೆಗೆಯುವುದು.

ಅಂಥ ಹೊತ್ತಿನಲ್ಲಿ ಈ ಕಳವು. ಮೀಮೂನ್ ಹಲ್ಲು ಕಡಿಯುತ್ತ ಹಳೆಯ ಕಡಿತ ಗಂಟಾಗಿದ್ದ ಓಕೊಂದರ ಬುಡದಲ್ಲಿ ಕುಳಿತ. ಬೆನ್ನಿಗೆ ಏನೋ ಚುಚ್ಚಿತು. ತಿರುಗಿ ನೋಡಿದರೆ ದೇವದಾರು. ಮೊಣಕಾಲುದ್ದದ್ದಲ್ಲ. ಅವನು ಎದ್ದು ನಿಂತಾಗ ಅದು ಭುಜಕ್ಕೆ ಬಂತು.

ಅವನು ಬಗ್ಗಿ ಅದರ ಸೂಜಿ ಎಲೆಗಳನ್ನು ಮುಟ್ಟಿದ. ಗಿಡ್ಡ, ಒರಟು, ಒತ್ತೊತ್ತಾಗಿ ಗೊಂಚಲುಗಟ್ಟಿ ಬೂದಿ ಬಳಿದಂತಿದ್ದವು. ಆಚೆ ದಟ್ಟ ನೆರಳಿನಲ್ಲಿ ನಿಂತ ಮೊಣಕಾಲುದ್ದದ ಗಿಡಕ್ಕೆ ಹೋಗಿ ಅದನ್ನೂ ಮುಟ್ಟಿದ. ಇಲ್ಲಿ ಸೂಜಿಗಳು ತೆಳುವಾಗಿ, ಮೆತ್ತಗೆ, ಕಪ್ಪು ಹಸಿರಾಗಿದ್ದವು. ಒಂದರ ಮೇಲೊಂದು ಬೀಳದಂತೆ ದೂರದೂರ ಹರಡಿಕೊಂಡಿದ್ದವು. ರೆಂಬೆಗಳು ಮೇಲೆದ್ದಿರಲಿಲ್ಲ, ಬೇಡುವ ಅಂಗೈಯಂತೆ ಅಡ್ಡಕ್ಕೆ ಚಾಚಿದ್ದವು. ಸಿಕ್ಕಷ್ಟು ಬೆಳಕನ್ನು ಹೀಗೆ ಹಿಡಿದುಕೊಂಡು ಈ ಗಿಡ ಸಾಯದೆ ಉಳಿದಿದೆ. ಬೆಳೆಯುವಷ್ಟು ಅದಕ್ಕೆ ಸಿಕ್ಕಿಲ್ಲ.

ಅಲ್ಲಿಂದ ಅವನು ಕಡಿತ ಹುಡುಕುವುದನ್ನು ಬಿಟ್ಟು ಎತ್ತರದ ಗಿಡ ಹುಡುಕಿದ. ಎಲ್ಲಿ ಎತ್ತರದ ಗಿಡವೋ ಅಲ್ಲಿ ತಲೆಯ ಮೇಲೆ ಹಳೆಯ ಕಡಿತ; ಕಡಿತದ ಸಂದಿನಿಂದ ಆಕಾಶದ ಒಂದು ಚೂರು. ಅವನಿಗೆ ಸಂತೋಷವಾಗಲಿಲ್ಲ. ಅಪ್ಪ ಮತ್ತು ಮಗ ಎರಡು ಆಯುಷ್ಯ ಸುರಿದು ಕಾದರೂ ಆಗದ್ದು ಕಳ್ಳ ಬಂದಲ್ಲಿ ಆಗಿತ್ತು. ಇದಕ್ಕಿಂತ ಮಂದೆ ನುಗ್ಗಿದ್ದರೆ ವಾಸಿಯಿತ್ತು ಎನ್ನುವಷ್ಟು ಸಿಟ್ಟು ಬಂತು.

ಕಳ್ಳ ಯಾರೆಂಬುದು ಕಡಿತದಲ್ಲೇ ಇತ್ತು. ಬಲಗೈಯವರ ಏಟು ಮೇಲಿನಿಂದ ಎಡಕ್ಕೆ ಓರೆಯಾಗಿ ಇಳಿಯುತ್ತದೆ. ಇವೆಲ್ಲ ಬಲಕ್ಕೆ ಇಳಿದಿದ್ದವು. ಊರಿನಲ್ಲಿ ಎಡಗೈಯಲ್ಲಿ ಕುಡುಗೋಲು ಹಿಡಿಯುವವರು ಒಬ್ಬರೇ: ಸತ್ತ ಅಣ್ಣ ಉರಾಗನ ಹೆಂಡತಿ, ತುದಾ.

ಅವನು ಮನೆಗೆ ಹೋಗದೆ ನೇರ ಅವಳ ಅಂಗಳಕ್ಕೆ ಇಳಿದ. ತುದಾ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಎಡಗೈಯಲ್ಲಿ ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದಳು. ನಾಲ್ಕಾರು ಆಡುಗಳು ಗೋಡೆಯ ಬದಿಯಲ್ಲಿ ಮಲಗಿದ್ದವು.

"ಅತ್ತಿಗೆ, ನಿಮ್ಮ ಆಡುಗಳು ದುಂಡಗಿವೆಯಲ್ಲ."

"ಬಿಸ್ಮಿಲ್ಲಾ ಅಂತ ಹೇಳಿ ಆಮೇಲೆ ಹೇಳು. ದೃಷ್ಟಿಯಾಗ್ತದೆ."

"ಇಷ್ಟು ಹಿಮ ಬಿತ್ತು. ಏನು ತಿನ್ನಿಸಿದ್ರಿ?"

"ನಿನ್ನ ಮನೆಯಿಂದ ಬಂದ ಎಲೆ."

"ನನ್ನ ಮನೆಯಿಂದ ಯಾವಾಗ ಬಂತು?"

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ," ಎಂದಳು ತುದಾ. ಕದಿರು ನಿಲ್ಲಲಿಲ್ಲ.

ಮೀಮೂನನ ಬಾಯಿಂದ ಬಹುವಚನ ಬಿದ್ದುಹೋಯಿತು. "ಮಸೀದಿ ಇಳಿಜಾರಿನ ಎಲೆ ತಿಂದಿವೆ ಇವು. ಎಡಗೈ ಏಟು ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಮಣ್ಣು ಬೇರೆ ಮೆತ್ತಿದೀಯ. ಕಳ್ಳಿ."

"ಗೊತ್ತಾಗೋಕೆ ಇಷ್ಟು ವರ್ಷ ಹಿಡೀತಲ್ಲ, ಕಾವಲುಗಾರ."

"ನಿಮ್ಮಪ್ಪ ನಿನಗೆ ತುದಾ ಅಂತ ಹೆಸರಿಟ್ಟ. ತುದಾ ಅಂದ್ರೆ ಸಾಕು ಅಂತ ಅರ್ಥ. ನಿನಗೆ ಮಾತ್ರ ಸಾಕಾಗ್ಲಿಲ್ಲ."

"ಅಪ್ಪನಿಗೆ ಹೆಣ್ಣುಮಕ್ಕಳು ಸಾಕಾಗಿತ್ತು, ಇಟ್ಟ. ನನ್ನ ಆಡಿಗೆ ಸಾಕು ಅಂತ ಅವನೇನೂ ಹೇಳಿರ್ಲಿಲ್ಲ." ಈಗ ಅವಳು ಕದಿರನ್ನು ನೆಲಕ್ಕಿಟ್ಟಳು. "ನಿಮ್ಮಣ್ಣ ಸತ್ತಾಗ ಜಮಾತು ಏನು ಹೇಳ್ತು? ಇವಳಿಗೆ ಗಂಡುಮಗ ಇಲ್ಲ, ಇವಳ ಒಲೆ ಮೀಮೂನನ ಒಲೆಗೆ ಸೇರ್ತು ಅಂತ. ಸರಿ. ಹಿಮ ಬಿದ್ದಾಗ ಎರಡು ಒಲೆ ಇದ್ದ ಕಡೆ ಒಂದೇ ಹೊರೆ ಬಂತು. ಆ ಹೊರೆ ಯಾರ ಕೊಟ್ಟಿಗೆಗೆ ಹೋಯ್ತು? ಹೇಳು, ಬಾಯಿ ಬಿಡು."

ಮೀಮೂನ್ ಮಾತು ತಿರುಗಿಸಿದ. "ಒಂದೊಂದೇ ಕೊಂಬೆ ಯಾಕೆ ಕಡಿದೆ?"

"ನೀನು ನೋಡಬಾರ್ದು ಅಂತ. ಮರ ಬೋಳಾದ್ರೆ ನೆತ್ತಿ ಮೇಲಿಂದ ಕಾಣ್ತದೆ. ಒಂದು ಸಲ ಕಡಿದ ಮರ ತಿರುಗಿ ತುಂಬಿಕೊಳ್ಳೋವರೆಗೆ ಆ ಕಡೆ ತಲೆನೇ ಹಾಕ್ತಿರ್ಲಿಲ್ಲ. ಕಳ್ಳತನ ಅಂದ್ರೆ ಸುಮ್ನೆ ಅಲ್ಲ, ನಿನ್ನ ಕಾವಲಿಗಿಂತ ಹೆಚ್ಚು ಕೆಲಸ."

"ಅದರ ಕೆಳಗೆ ದೇವದಾರು ಎದ್ದಿವೆ. ನೋಡಿದೀಯಾ?"

"ಯಾವ ದೇವದಾರು? ನಾನು ಮೇಲೆ ನೋಡ್ಕೊಂಡು ಕಡೀತಿದ್ದೆ, ಮಧ್ಯೆ ಮಧ್ಯೆ ನೀನು ಬರ್ತೀಯಾ ಅಂತ ನೋಡ್ತಿದ್ದೆ. ಕಾಲ ಬುಡ ನೋಡೋಕೆ ನನಗೆಲ್ಲಿ ಪುರಸೊತ್ತು?"

ಶುಕ್ರವಾರ ಜಮಾತು ಕೇಳಿದರೆ ತಾನು ಹೆಸರು ಹೇಳಲೇಬೇಕು ಎಂದ ಮೀಮೂನ್. ಕಾವಲು ವಹಿಸಿಕೊಂಡ ದಿನ ಮಸೀದಿಯ ಬಾಗಿಲ ಮೇಲೆ ಕೈಯಿಟ್ಟು ಆಣೆ ಮಾಡಿದ್ದಾನೆ, ಕಂಡ ಕಳ್ಳನನ್ನು ಮುಚ್ಚಿಡುವುದಿಲ್ಲವೆಂದು.

"ಹೇಳು," ಎಂದಳು ತುದಾ. "ಆದರೆ ದಂಡ ಹಾಕೋದು ಒಲೆಗೆ, ಮನುಷ್ಯರಿಗಲ್ಲ. ನನಗೆ ಒಲೆ ಇಲ್ಲ ಅಂತ ನೀವೇ ಹೇಳಿದ್ದು. ದಂಡ ನಿನ್ನ ಒಲೆಗೆ ಬರ್ತದೆ. ದಂಡ ಬಿದ್ದ ಒಲೆಯವನು ಕಾವಲುಗಾರ ಆಗಿರೋ ಹಾಗಿಲ್ಲ. ನೀನು ಹೋದ್ರೆ ಆ ಜಾಗಕ್ಕೆ ಜಾಯಿದ್ ಕೂತ್ಕೊಳ್ತಾನೆ. ನಿಮ್ಮಪ್ಪನ ಇಳಿಜಾರು ಅವನ ಆಡಿನ ಹೊಟ್ಟೆಗೆ. ಹೋಗು, ಚೆನ್ನಾಗಿ ಕೂಗಿ ಹೇಳು."

ಮನೆಯಲ್ಲಿ ಹೆಂಡತಿ ಇಜ್ಜಾ ಜವೆಗೋಧಿಯ ರೊಟ್ಟಿ ತಟ್ಟುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಒದರಿದ. ಅವಳು ರೊಟ್ಟಿ ತಿರುವಿ ಹಾಕಿ, "ಮೊದಮೊದಲು ನಾನು ಅವಳಿಗೆ ಒಂದು ಕಟ್ಟು ಎಲೆ ಕೊಟ್ಟು ಬರ್ತಿದ್ದೆ," ಎಂದಳು. "ಒಂದು ಚಳಿಗಾಲ ನೀವೇ ಅಂದ್ರಿ, ನಮ್ಮದಕ್ಕೇ ಸಾಲದು, ಸುಮ್ನಿರು ಅಂತ. ಸುಮ್ನಾದೆ. ಅವಳೂ ಮತ್ತೆ ಕೇಳ್ಲಿಲ್ಲ."

"ನಾನು ಅಂದಿದ್ನಾ?"

"ಆಗ ಇದಕ್ಕಿಂತ ಮೆಲ್ಲಗೆ ಅಂದಿದ್ರಿ."

ಮೀಮೂನ್ ರೊಟ್ಟಿ ಮುಟ್ಟದೆ ಎದ್ದು ಹೋದ. ಅವಳು ಸುಳ್ಳು ಹೇಳಿದ್ದರೆ ಬೈದು ಹಗುರಾಗಬಹುದಿತ್ತು.

ಶುಕ್ರವಾರ ನಮಾಜು ಮುಗಿದ ಮೇಲೆ ಗಂಡಸರೆಲ್ಲ ಜಲ್ಲಾಬ ನಿಲುವಂಗಿಯ ಟೋಪಿ ತಲೆಗೆಳೆದುಕೊಂಡು ಇಳಿಜಾರು ಹತ್ತಿದರು. ಮುಂದೆ ಊರಿನ ಹಿರಿಯ ಬೆನ್ನಾಸರ್ ಹೇಸರಗತ್ತೆಯ ಮೇಲೆ, ಅವನ ಪಕ್ಕದಲ್ಲಿ ಜಾಯಿದ್. ಜಾಯಿದ್ ದಾರಿಯುದ್ದಕ್ಕೂ ಕಾಲಿನಿಂದ ಮೊಣಕಾಲುದ್ದದ ಗಿಡಗಳನ್ನು ಸವರುತ್ತ ಬಂದ. "ಇದಕ್ಕೊಂದು ಸಲಾಂ. ಇದಕ್ಕೂ ಒಂದು ಸಲಾಂ. ಅಜ್ಜ, ಇದು ನಿಮಗಿಂತ ಹಿರೀದು ಕಣ್ರೀ, ಕೈ ಮುಟ್ಟಿ ಮುತ್ತಿಡಿ."

"ಮುಂದೆ ನಡೆ," ಎಂದ ಮೀಮೂನ್. ಅವನು ನಿಲ್ಲದೆ ಅವರನ್ನು ಒಳಗೆ ಕರೆದೊಯ್ದು ಭುಜದೆತ್ತರದ ಗಿಡದ ಎದುರು ನಿಲ್ಲಿಸಿದ. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ. ಒಂದು ಬೆನ್ನಾಸರನ ತಲೆ ಮೀರಿತ್ತು. ಮುದುಕ ಹೇಸರಗತ್ತೆಯಿಂದ ಇಳಿದು ಬಂದು ಅದರ ತುದಿಯನ್ನು ಹಿಡಿದು ನೋಡಿ, ಕೈಯನ್ನು ಮೂಸಿಕೊಂಡ. ಯಾರೂ ನಗಲಿಲ್ಲ.

ಜಾಯಿದ್ ಮೇಲೆ ನೋಡಿದ. ಅವನು ಮಂದೆ ಮೇಯಿಸಿದವನು. ಕಡಿದ ಮರ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. "ಓಹೋ. ಬೆಳಕು ಬಿದ್ದ ಕಡೆ ಎದ್ದಿದೆ. ನಾನು ಹೇಳಿದ್ದೂ ಅದೇ ಅಲ್ವಾ? ವಾಲ್ನಟ್ ಮರದ ನೆರಳು ಜವೆಗೆ ಬಿದ್ರೆ ಏನ್ ಮಾಡ್ತೀವಿ? ಮರ ಸವರ್ತೀವಿ. ಓಕ್ ಪೂರ್ತಿ ತೆಗೀರಿ, ಎಲ್ಲಾ ಗಿಡಾನೂ ಏಳ್ತದೆ."

ಹೌದೆಂದು ನಾಲ್ಕಾರು ತಲೆಗಳು ಆಡಿದವು. ಹೊಲದಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

"ಜವೆ ಬಿಸಿಲಲ್ಲೇ ಹುಟ್ಟಿದ್ದು. ಇದು ನೆರಳಲ್ಲಿ ಹುಟ್ಟಿದ್ದು," ಎಂದ ಮೀಮೂನ್. "ಬನ್ನಿ, ಪೂರ್ತಿ ತೆಗೆದ್ರೆ ಏನಾಗ್ತದೆ ಅಂತ ಕಣ್ಣಾರೆ ನೋಡ್ಕೊಳ್ಳಿ."

ಹೋದ ವರ್ಷದ ಹಿಮದ ಭಾರಕ್ಕೆ ದೊಡ್ಡ ಓಕ್ ಒಂದು ಬೇರುಸಹಿತ ಮಗುಚಿ ಬಿದ್ದ ಜಾಗ ಅದು. ತಲೆಯ ಮೇಲೆ ಆಕಾಶ ಬಾಗಿಲು ತೆರೆದಂತಿತ್ತು. ಆ ಓಕಿನ ನೆರಳಲ್ಲಿದ್ದ ಗಿಡಗಳು ಸಾಲಾಗಿ ಸುಟ್ಟ ಬಣ್ಣಕ್ಕೆ ತಿರುಗಿ ನಿಂತಿದ್ದವು. ಬೆನ್ನಾಸರ್ ಒಂದನ್ನು ಮುಟ್ಟಿದ. ಸೂಜಿಗಳೆಲ್ಲ ಅವನ ಕೈಗೇ ಉದುರಿದವು.

"ಇವಕ್ಕೆ ಇದ್ದದ್ದು ನೆರಳಿನ ಎಲೆ. ತೆಳು. ಒಂದೇ ಬೇಸಿಗೆಗೆ ಹುರಿದುಹೋದವು," ಎಂದ ಮೀಮೂನ್. "ಅಲ್ಲಿ ಕೊಂಬೆ ಒಂದೊಂದೇ ಹೋಗಿದೆ, ವರ್ಷ ಬಿಟ್ಟು ವರ್ಷ. ಗಿಡ ಹಳೆ ಎಲೆ ಉದುರಿಸಿ ಬಿಸಿಲಿನ ಎಲೆ ಹಾಕ್ಕೊಳ್ಳೋಕೆ ಪುರಸೊತ್ತು ಸಿಕ್ಕಿದೆ. ನಮ್ಮಪ್ಪನೂ ನಾನೂ ಕೊಂಬೆ ಮುಟ್ಟಗೊಡ್ಲಿಲ್ಲ, ಇವನ್ನ ಕತ್ತಲೆಯಲ್ಲಿ ಕೂಡಿಹಾಕಿದ್ವಿ. ನೀನು ಸುಟ್ಟುಹಾಕ್ಬೇಕು ಅಂತಿದೀಯ."

ಗಂಡಸರು ಸುಟ್ಟ ಗಿಡಗಳ ನಡುವೆ ಒಂದೊಂದನ್ನೇ ಮುಟ್ಟಿ ನೋಡುತ್ತ ಓಡಾಡಿದರು. ಆಮೇಲೆ ಬೆನ್ನಾಸರ್, "ಕಟ್ಟು ಇರಲಿ. ಕೊಂಬೆ ಇಳಿಸೋದನ್ನ ಕಲಿಯೋಣ," ಎಂದ.

"ಇರಲಿ ಅಜ್ಜ, ಇರಲಿ," ಎಂದ ಜಾಯಿದ್. ಅವನ ಧ್ವನಿ ಸಕ್ಕರೆಯಾಗಿತ್ತು. "ಆದ್ರೆ ಆ ಕೊಂಬೆ ಯಾರು ಇಳಿಸಿದ್ದು? ಕಟ್ಟು ಹಾಕಿದ ಕಾಡಿದು. ಮೀಮೂನ್, ಬಾಗಿಲು ಮುಟ್ಟಿ ಆಣೆ ಮಾಡಿದವನು ನೀನು."

ಎಲ್ಲರೂ ಅವನ ಕಡೆ ತಿರುಗಿದರು. ಮೀಮೂನ್ ಹೆಸರು ಹೇಳಿದ. "ನಮ್ಮತ್ತಿಗೆ. ತುದಾ."

ಜಾಯಿದ್ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡ. "ಅಂದ್ರೆ ನಿನ್ನ ಒಲೆ. ಕಾವಲುಗಾರನ ಒಲೆಯೇ ಕಳ್ಳ ಒಲೆ. ಊರಿಗೆಲ್ಲ ಊಟ ಹಾಕು, ಕಂಬಳಿ ಮಡಚಿ ಕೊಡು. ಇಳಿಜಾರು ನೋಡ್ಕೊಳ್ಳೋಕೆ ನಾವಿದೀವಿ."

"ನನ್ನ ಒಲೆ ದಂಡ ಕೊಡಲ್ಲ."

"ಏನಂದೆ?"

"ಅವಳಿಗೆ ಅವಳ ಒಲೆ ಇದೆ. ದಂಡ ಅವಳ ಒಲೆಗೆ ಹಾಕಿ."

"ಎರಡೂ ಸೇರ್ಸಿದ್ವಲ್ಲೋ," ಎಂದ ಬೆನ್ನಾಸರ್. "ನೀನೂ ಅಲ್ಲೇ ಕೂತು ಹೂಂ ಅಂದಿದ್ದೆ."

"ಅಂದಿದ್ದೆ." ಮೀಮೂನನ ಧ್ವನಿ ಈಗ ಇಳಿಜಾರಿನ ಆಚೆಗೂ ಕೇಳುವಂತಿತ್ತು. "ಆವತ್ತಿಂದ ಒಂದು ದಿನ ಅವಳು ನನ್ನ ಮನೇಲಿ ಕೂತು ಒಂದು ತುತ್ತು ತಿಂದದ್ದನ್ನ ನಿಮ್ಮಲ್ಲಿ ಯಾರು ನೋಡಿದೀರಿ? ಕೈ ಎತ್ತಿ. ಜಾಯಿದ್, ನೀನು ಎತ್ತು. ಹಿಮದಾಗೆ ಅವಳಿಗೆ ಒಂದು ಕಟ್ಟು ಎಲೆ ಹೋದದ್ದನ್ನ ಯಾರು ನೋಡಿದೀರಿ? ನಾನು ಕೊಡ್ಲಿಲ್ಲ. ನೀವು ಕೇಳ್ಲಿಲ್ಲ. ಅವಳ ಪಾಲು ನಾನು ತಿಂದೆ, ನೀವು ಅದಕ್ಕೆ ಒಲೆ ಸೇರ್ಸೋದು ಅಂತ ಹೆಸರಿಟ್ರಿ. ಈಗ ದಂಡದ ಊಟ ಬೇಕು ಅಂದಾಗ ಸೇರಿದ ಒಲೆ ನೆನಪಾಯ್ತಾ?"

ಯಾರೂ ಕೈ ಎತ್ತಲಿಲ್ಲ. ಬೆನ್ನಾಸರ್ ಹೇಸರಗತ್ತೆಯ ಹಗ್ಗ ಹಿಡಿದು, ಹೋಗಿ ನೋಡೋಣ ಎಂದಷ್ಟೇ ಹೇಳಿದ.

ತುದಾಳ ಅಂಗಳಕ್ಕೆ ಅಷ್ಟೊಂದು ಗಂಡಸರು ಬಂದದ್ದು ಉರಾಗನ ಹೆಣ ಎತ್ತಿದ ದಿನ ಬಿಟ್ಟರೆ ಅವತ್ತೇ. ಅವಳು ಎದ್ದು ನಿಂತಳು, ಬನ್ನಿ ಎನ್ನಲಿಲ್ಲ. ತಾನು ನಾಲಿಗೆಯಿಂದ ಅವಳನ್ನು ಜಮಾತಿಗೆ ಒಪ್ಪಿಸಿಬಿಟ್ಟೆನೆಂದು ಮೀಮೂನ್ ಹೇಳಬೇಕಾಗಿಯೇ ಇರಲಿಲ್ಲ; ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಬೆನ್ನಾಸರ್ ಬಾಗಿಲಲ್ಲಿ ಬಗ್ಗಿ ಒಳಗೆ ನೋಡಿದ. ಒಲೆಯಲ್ಲಿ ಕೆಂಡವಿತ್ತು, ಗೋಡೆ ಮೇಲಿನವರೆಗೆ ಮಸಿ ಹಿಡಿದಿತ್ತು.

"ಇದು ಒಲೆ," ಎಂದ ಮುದುಕ.

"ಹೆಂಗಸಿನ ಒಲೆ ಒಂದು ಒಲೆಯಾ?" ಎಂದ ಜಾಯಿದ್.

"ನಿನ್ನ ಮನೇಲಿ ಒಲೆ ಹಚ್ಚೋದು ಯಾರು, ನೀನಾ?" ತುದಾ ಕೇಳಿದಳು. ಹಿಂದೆ ನಿಂತವರು ನಕ್ಕರು. ಅವಳು ನಗಲಿಲ್ಲ. "ದಂಡ ಹಾಕಿ. ಕಡಿದದ್ದು ನಾನೇ. ಕಪ್ಪು ಆಡು ಕೊಯ್ತೀನಿ. ಆದ್ರೆ ದಂಡ ಕೊಟ್ಟ ಒಲೆಗೆ ಮುಂದಿನ ಹಿಮದಾಗೆ ಹೊರೆನೂ ಸಿಗ್ಬೇಕು. ಒಂದು ಕೈಯಲ್ಲಿ ತಗೊಂಡು ಇನ್ನೊಂದು ಕೈಯಲ್ಲಿ ಇಲ್ಲ ಅನ್ನೋದು ಬೇಡ."

ಜಾಯಿದ್ ಏನೋ ಹೇಳಹೊರಟ. ಆದರೆ ಆಡಿನ ಮಾತು ಬಂದ ಮೇಲೆ ಅವನ ಪಕ್ಕದಲ್ಲಿದ್ದವರೇ ಅವನ ತೋಳು ಹಿಡಿದು ಸುಮ್ಮನಾಗಿಸಿದರು. ಬೆನ್ನಾಸರ್ ಅಲ್ಲೇ ನಿಂತು ತೀರ್ಮಾನ ಹೇಳಿದ. ತುದಾಳದು ಒಂದು ಒಲೆ. ಆ ಒಲೆಗೆ ದಂಡ. ಆ ಒಲೆಗೆ ಹೊರೆ. ಕಾವಲು ಮೀಮೂನನದೇ.

ಆಡು ಕೊಯ್ದು ಅವಳು ದೊಡ್ಡ ತಟ್ಟೆಗಳಲ್ಲಿ ರವೆಯ ಕುಸ್ಕುಸ್ ಬಡಿಸಿದಳು. ಗಂಡಸರು ಅಂಗಳದಲ್ಲಿ ಗುಂಪುಗುಂಪಾಗಿ ಕುಳಿತು ತಿಂದರು, ತಿಂದ ಮೇಲೆ ಬೇಗ ಎದ್ದರು. ಜಾಯಿದ್ ಎಲ್ಲರಿಗಿಂತ ಹೆಚ್ಚು ತಿಂದ. ಮೀಮೂನ್ ಗೋಡೆಯ ಬಳಿ ನಿಂತೇ ಇದ್ದ. ಎಲ್ಲರೂ ಹೋದ ಮೇಲೆ ತುದಾ ಒಂದು ತಟ್ಟೆಯನ್ನು ತಂದು ಅವನ ಎದುರು ನೆಲಕ್ಕೆ ಕುಕ್ಕಿದಳು.

"ಕೂತ್ಕೋ. ತಿನ್ನು."

"ಹಸಿವಿಲ್ಲ ಅತ್ತಿಗೆ."

"ಹಸಿವು ಕೇಳಿದ್ನಾ? ಇಷ್ಟು ವರ್ಷ ನಾನು ನಿನ್ನ ಒಲೇಲಿ ತಿಂದೆ ಅಂತ ಊರು ಲೆಕ್ಕ ಇಟ್ಕೊಂಡಿತ್ತು. ಇವತ್ತು ನನ್ನ ಒಲೇದು ನೀನು ತಿನ್ನು."

ಅವನು ಕುಳಿತು ತಿಂದ. ಅವಳು ಸೊಂಟಕ್ಕೆ ಕೈಯಿಟ್ಟು, ಅವನು ತಟ್ಟೆ ಬಳಿಯುವ ತನಕ ನೋಡುತ್ತ ನಿಂತಳು. ಮಾಂಸ ಚೆನ್ನಾಗಿ ಬೆಂದಿತ್ತು. ಕ್ಷಮಿಸಿ ಎನ್ನಬೇಕೆಂದುಕೊಂಡ. ಅವಳ ಮುಖ ನೋಡಿದ ಮೇಲೆ ಆ ಮಾತಿಗೆ ಇಲ್ಲಿ ಜಾಗವಿಲ್ಲ ಎಂದು ಗೊತ್ತಾಯಿತು. ಕೈ ತೊಳೆದುಕೊಂಡು, "ಮುಂದಿನ ಚಳಿಗಾಲಕ್ಕೆ ಇಳಿಜಾರಿನ ಯಾವ ಮಗ್ಗುಲಲ್ಲಿ ಕಡೀತೀರಿ?" ಎಂದು ಕೇಳಿದ.

"ನಿನಗೆ ಕಾಣೋ ಕಡೆ," ಎಂದು ತುದಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.